ಒಣದ್ರಾಕ್ಷಿಯ ಕಂದು ಬಣ್ಣ: ಕಾರಣ ಮತ್ತು ನಿವಾರಣೆ

ನಿಪ್ಪಾಣಿಯ ತಂಬಾಕು ವರ್ತಕನಿಗೆ ಕಂದು ಬಣ್ಣವೆಂದರೆ ಲಾಭ. ಬಿಸಿಲಿನಲ್ಲಿ ಒಣಗಿದ ಬೀಡಿ ತಂಬಾಕಿನ ಎಲೆ ಹದವಾಗಿ ಕಂದಾದಾಗಲೇ ಅದಕ್ಕೆ ಬೆಲೆ. ಅಲ್ಲಿಂದ ಪೂರ್ವಕ್ಕೆ ಕೃಷ್ಣೆಯನ್ನು ದಾಟಿ ಅಥಣಿಯ ಒಣದ್ರಾಕ್ಷಿ ಶೆಡ್ಡಿಗೆ ಬಂದರೆ ಅದೇ ಕಂದು ಬಣ್ಣ ನಷ್ಟದ ಗುರುತಾಗುತ್ತದೆ. ಎರಡೂ ಕಡೆ ನಡೆಯುವ ರಾಸಾಯನಿಕ ಕ್ರಿಯೆ ಮಾತ್ರ ಬಹುಮಟ್ಟಿಗೆ ಒಂದೇ. ಒಬ್ಬರು ಅದನ್ನು ಬರಮಾಡಿಕೊಳ್ಳುತ್ತಾರೆ, ಇನ್ನೊಬ್ಬರು ತಡೆಯಬೇಕಾಗಿದೆ. ತಡೆಯುವ ಕೆಲಸ ಎಲ್ಲಿ ಆರಂಭವಾಗಬೇಕು ಎಂಬುದರ ಬಗ್ಗೆ ಬೆಳೆಗಾರರಲ್ಲಿಯೂ ವರ್ತಕರಲ್ಲಿಯೂ ಒಂದು ತಪ್ಪು ಎಣಿಕೆ ಉಳಿದುಕೊಂಡಿದೆ. ಬಣ್ಣವನ್ನು ಶೆಡ್ಡಿನ ಕೊನೆಯಲ್ಲಿ, ಗಂಧಕದ ಹೊಗೆಯಿಂದ ಗಳಿಸಬಹುದೆಂಬುದೇ ಆ ಎಣಿಕೆ. ವಾಸ್ತವದಲ್ಲಿ ಒಣದ್ರಾಕ್ಷಿಯ ಬಣ್ಣ ಕೊಯ್ಲಿನ ನಂತರದ ಮೊದಲ ಕೆಲವು ದಿನಗಳಲ್ಲಿಯೇ ಬಹುತೇಕ ನಿರ್ಧಾರವಾಗಿರುತ್ತದೆ.

ಪ್ರದೇಶ ಮತ್ತು ಪೇಟೆ

ಬೆಳಗಾವಿ ಜಿಲ್ಲೆಯ ವಾಯವ್ಯ ಮತ್ತು ಉತ್ತರ ಭಾಗದ ಐದು ತಾಲ್ಲೂಕುಗಳಾದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡಗಳು ಒಂದೇ ವ್ಯಾಪಾರ ವಲಯದಂತೆ ಬೆಳೆದು ಬಂದಿವೆ. ನದಿಯ ಎರಡೂ ದಂಡೆಗಳಲ್ಲಿ ಕಬ್ಬು ಮತ್ತು ಸಕ್ಕರೆ ಕಾರ್ಖಾನೆಗಳು, ನಿಪ್ಪಾಣಿಯಲ್ಲಿ ತಂಬಾಕು, ಅಥಣಿಯಲ್ಲಿ ಚರ್ಮದ ಪಾದರಕ್ಷೆ ಹೀಗೆ ಒಂದೊಂದು ಊರಿಗೆ ಒಂದೊಂದು ಹೆಸರಿದೆ. ಅಥಣಿ ತಾಲ್ಲೂಕಿನ ಪೂರ್ವದ ಒಣಭೂಮಿಯಲ್ಲಿ, ತೆಲಸಂಗ, ಐಗಳಿ, ಕಕಮರಿ ಮುಂತಾದ ಊರುಗಳ ಸುತ್ತ ದ್ರಾಕ್ಷಿ ನೆಲೆಯೂರಿತು. ಕಡಿಮೆ ಮಳೆ, ಒಣಹವೆ ಮತ್ತು ಹನಿ ನೀರಾವರಿ ಈ ಬೆಳೆಗೆ ಒಗ್ಗಿದವು. ಕಾಗವಾಡವಂತೂ ಮಿರಜ ಮತ್ತು ಸಾಂಗ್ಲಿಗಳಿಗೆ ಹೊಂದಿಕೊಂಡಿರುವ ಗಡಿ ತಾಲ್ಲೂಕು.

ಈ ಭಾಗದಲ್ಲಿ ಬೆಳೆಯುವ ಬಿಳಿ ದ್ರಾಕ್ಷಿಯಲ್ಲಿ ಥಾಮ್ಸನ್ ಸೀಡ್‌ಲೆಸ್ ಮತ್ತು ಅದರಿಂದಲೇ ಆಯ್ದು ಬೆಳೆಸಿದ ತಾಸ್-ಎ-ಗಣೇಶ, ಸೋನಾಕಾ, ಮಾಣಿಕ್ ಚಮನ್ ತಳಿಗಳು ಪ್ರಮುಖವಾದವು. ತಾಸ್-ಎ-ಗಣೇಶ ಸಾಂಗ್ಲಿ ಜಿಲ್ಲೆಯ ತಾಸಗಾಂವ ಸೀಮೆಯಿಂದಲೂ, ಸೋನಾಕಾ ಸೊಲ್ಲಾಪುರದ ಕಡೆಯಿಂದಲೂ ಬಂದ ತಳಿಗಳು. ಬೆಳೆಯ ಜ್ಞಾನ ಬಂದ ದಾರಿಯಲ್ಲಿಯೇ ಸರಕೂ ಮರಳಿ ಹೋಗುತ್ತದೆ. ಒಣದ್ರಾಕ್ಷಿಯ ಹೆಸರಾಂತ ಹರಾಜು ಪೇಟೆಗಳು ತಾಸಗಾಂವ, ಸಾಂಗ್ಲಿ ಮತ್ತು ಈಚೆಗೆ ವಿಜಯಪುರ. ಸಾಂಗ್ಲಿಯ ಒಣದ್ರಾಕ್ಷಿಗೆ 2016ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ದೊರೆಯಿತು. ಕೊಲ್ಹಾಪುರಿ ಚಪ್ಪಲಿಯ ಸೂಚ್ಯಂಕದಲ್ಲಿ ಬೆಳಗಾವಿ ಸೇರಿದಂತೆ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಪಾಲಿರುವುದನ್ನು ಬಲ್ಲ ಅಥಣಿಯ ವರ್ತಕರಿಗೆ ಹೆಸರಿನ ಬೆಲೆ ಏನೆಂದು ವಿವರಿಸಬೇಕಾಗಿಲ್ಲ. ಹೆಸರಿಲ್ಲದ ಸರಕು ಪೇಟೆಯಲ್ಲಿ ನಿಲ್ಲುವುದು ಗುಣದ ಬಲದಿಂದ ಮಾತ್ರ. ಒಣದ್ರಾಕ್ಷಿಯಲ್ಲಿ ಗುಣದ ಮೊದಲ ಸಾಕ್ಷಿ ಬಣ್ಣ.

ಬಣ್ಣಕ್ಕೇಕೆ ಬೆಲೆ?

ಹರಾಜು ಕಟ್ಟೆಯಲ್ಲಿ ಖರೀದಿದಾರನು ಮುಷ್ಟಿ ತುಂಬ ಒಣದ್ರಾಕ್ಷಿ ಎತ್ತಿ ಬೆಳಕಿಗೆ ಹಿಡಿಯುತ್ತಾನೆ. ಹಸಿರು ಅಥವಾ ಹೊಂಬಣ್ಣದ, ಒಂದೇ ಗಾತ್ರದ, ತೆಳು ಸಿಪ್ಪೆಯ ಕಾಳು ಮೇಲಿನ ದರ್ಜೆಗೆ ಸೇರುತ್ತದೆ. ಕಂದು ಕಾಳು ಬೆರೆತಿದ್ದರೆ ಇಡೀ ರಾಶಿಯ ದರ ಇಳಿಯುತ್ತದೆ. ಸಕ್ಕರೆಯ ಅಂಶ, ರುಚಿ, ಪೋಷಕಾಂಶ ಇವುಗಳಲ್ಲಿ ಕಂದು ಕಾಳು ಅಷ್ಟೇನೂ ಹಿಂದೆ ಬಿದ್ದಿರುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದೇ ಥಾಮ್ಸನ್ ಸೀಡ್‌ಲೆಸ್ ಗೊನೆಗಳನ್ನು ಯಾವ ದ್ರಾವಣದಲ್ಲಿಯೂ ಅದ್ದದೆ ಸಾಲುಗಳ ನಡುವೆ ಕಾಗದದ ಮೇಲೆ ಹರಡಿ ಬಿಸಿಲಿನಲ್ಲಿ ಒಣಗಿಸುತ್ತಾರೆ. ಆ ಗಾಢ ಕಂದು ಒಣದ್ರಾಕ್ಷಿ ಜಗತ್ತಿನಾದ್ಯಂತ ಮಾರಾಟವಾಗುತ್ತದೆ. ಅಲ್ಲಿಯೇ ಅದೇ ಹಣ್ಣನ್ನು ಬಿಸಿ ದ್ರಾವಣದಲ್ಲಿ ಅದ್ದಿ, ಗಂಧಕದ ಹೊಗೆ ಕೊಟ್ಟು, ಯಂತ್ರದಲ್ಲಿ ಒಣಗಿಸಿದರೆ ಹೊಂಬಣ್ಣದ ಸರಕಾಗುತ್ತದೆ. ಚೀನಾದ ತುರ್ಫಾನ್ ಪ್ರದೇಶದಲ್ಲಿ ಗೋಡೆಯ ತುಂಬ ಕಿಂಡಿಗಳಿರುವ ಇಟ್ಟಿಗೆಯ ನೆರಳು ಮನೆಗಳಲ್ಲಿ ಬಿಸಿಗಾಳಿಗೆ ಗೊನೆಗಳನ್ನು ತೂಗುಬಿಟ್ಟು ಹಸಿರು ಒಣದ್ರಾಕ್ಷಿ ತೆಗೆಯುತ್ತಾರೆ. ಹಣ್ಣು ಒಂದೇ ಆದರೂ ಒಣಗಿಸುವ ವಿಧಾನದಿಂದ ಬಣ್ಣ ಮೂರಾಗುತ್ತದೆ.

ಭಾರತದ ಗ್ರಾಹಕನ ಕಣ್ಣು ಹಸಿರು ಮತ್ತು ಹಳದಿಗೆ ಒಗ್ಗಿದೆ. ಪಾಯಸಕ್ಕೆ, ಸಿಹಿತಿಂಡಿಗೆ, ಪ್ರಸಾದಕ್ಕೆ ತಿಳಿ ಬಣ್ಣದ ದ್ರಾಕ್ಷಿಯೇ ಬೇಕು. ಪೇಟೆಯ ಈ ಅಭಿರುಚಿಯನ್ನು ಒಬ್ಬ ಬೆಳೆಗಾರ ಅಥವಾ ಒಬ್ಬ ಅಡತಿ ಬದಲಿಸಲಾರ. ಆದುದರಿಂದ ಲೆಕ್ಕ ಹಾಕಬೇಕಾದುದು ಕಂದಾಗುವುದರಿಂದ ಆಗುವ ನಷ್ಟವನ್ನು. ಒಂದು ಊಹೆಯ ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. ಹತ್ತು ಟನ್ ಹಸಿ ದ್ರಾಕ್ಷಿಯಿಂದ ಸುಮಾರು 2,588 ಕಿಲೋ ಒಣದ್ರಾಕ್ಷಿ ದೊರೆತು, ಅದರಲ್ಲಿ ಕಾಲು ಭಾಗ, ಅಂದರೆ 647 ಕಿಲೋ, ಕಂದಾಗಿ ಕೆಳದರ್ಜೆಗೆ ಹೋಯಿತೆನ್ನೋಣ. ಎರಡು ದರ್ಜೆಗಳ ನಡುವೆ ಕಿಲೋಗೆ 50 ರೂಪಾಯಿಗಳ ಅಂತರವಿದೆಯೆಂದು ಭಾವಿಸಿದರೂ ನಷ್ಟ 32,350 ರೂಪಾಯಿಗಳು. ಬೆಳೆಗೆ ಹಾಕಿದ ಗೊಬ್ಬರ, ಔಷಧ, ಕೂಲಿ ಯಾವುದರಲ್ಲಿಯೂ ವ್ಯತ್ಯಾಸವಿಲ್ಲ. ವ್ಯತ್ಯಾಸವಾದದ್ದು ಕೊಯ್ಲಿನ ನಂತರದ ಕೆಲವು ದಿನಗಳ ನಿರ್ವಹಣೆಯಲ್ಲಿ.

ಸಿಪ್ಪೆಯೊಳಗೆ ನಡೆಯುವುದೇನು?

ದ್ರಾಕ್ಷಿಯ ಸಿಪ್ಪೆಯ ಜೀವಕೋಶಗಳಲ್ಲಿ ಫಿನಾಲ್ ವರ್ಗದ ವಸ್ತುಗಳಿರುತ್ತವೆ. ಅದೇ ಕೋಶದ ಮತ್ತೊಂದು ಭಾಗದಲ್ಲಿ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವವಿರುತ್ತದೆ. ಕಾಳು ಗಟ್ಟಿಯಾಗಿ, ಜೀವಂತವಾಗಿ ಇರುವವರೆಗೆ ಇವೆರಡೂ ಬೇರೆ ಬೇರೆ ಕೋಣೆಗಳಲ್ಲಿರುವ ಸರಕಿನಂತೆ ಕೂಡದೆ ಇರುತ್ತವೆ. ಕಾಳು ಜಜ್ಜಿದಾಗ, ಬಿಸಿಲಿಗೆ ಬೆಂದಾಗ ಅಥವಾ ನೀರು ಕಳೆದುಕೊಂಡು ಕೋಶದ ಪೊರೆಗಳು ಸಡಿಲವಾದಾಗ ಗೋಡೆ ಒಡೆಯುತ್ತದೆ. ಕಿಣ್ವ, ಫಿನಾಲ್ ಮತ್ತು ಗಾಳಿಯ ಆಮ್ಲಜನಕ ಒಂದೆಡೆ ಸೇರಿ ಕ್ವಿನೋನ್ ಎಂಬ ವಸ್ತು ಉಂಟಾಗುತ್ತದೆ. ಈ ಕ್ವಿನೋನ್‌ಗಳು ಒಂದಕ್ಕೊಂದು ಹೆಣೆದುಕೊಂಡು ಕಂದು ವರ್ಣದ್ರವ್ಯವಾಗುತ್ತವೆ. ಕೊಯ್ದಿಟ್ಟ ಬದನೆಕಾಯಿ, ಸೇಬಿನ ಹೋಳು ಕಪ್ಪಾಗುವುದೂ, ಹದಗೊಳ್ಳುವ ತಂಬಾಕಿನ ಎಲೆ ಕಂದಾಗುವುದೂ ಇದೇ ಬಗೆಯ ಕ್ರಿಯೆಯಿಂದ.

ಬೇಸಿಗೆಯಲ್ಲಿ ಪೇಟೆಗೆ ಬರುವ ಮಾವಿನಲ್ಲಿಯೂ ಇದನ್ನು ಕಾಣಬಹುದು. ತೊಟ್ಟು ಮುರಿದಾಗ ಚಿಮ್ಮುವ ಸೊನೆಯಲ್ಲಿರುವ ತೈಲಾಂಶ ಸಿಪ್ಪೆಯ ಸೂಕ್ಷ್ಮ ರಂಧ್ರಗಳ ಮೂಲಕ ಒಳಗಿಳಿದು ಕೋಶಗಳನ್ನು ಕೆಡಿಸುತ್ತದೆ. ಅಲ್ಲಿ ಕಿಣ್ವಗಳು ಕೆಲಸ ಮಾಡಿ ಸಿಪ್ಪೆಯ ಮೇಲೆ ಸುಟ್ಟಂತಹ ಕಂದು ಗೆರೆಗಳು ಮೂಡುತ್ತವೆ. ಸ್ವಲ್ಪ ತೊಟ್ಟು ಉಳಿಸಿ ಕೊಯ್ದು, ನಂತರ ಹಣ್ಣನ್ನು ತಲೆಕೆಳಗಾಗಿಸಿ ಸೊನೆ ಇಳಿಸಿ, ತೊಳೆದರೆ ಈ ಕಲೆ ಬಹುಮಟ್ಟಿಗೆ ತಪ್ಪುತ್ತದೆ. ಅಲ್ಲಿಯೂ ಪಾಠ ಅದೇ. ಕಲೆ ಮೂಡಿದ ಮೇಲೆ ಉಜ್ಜುವುದರಿಂದ ಪ್ರಯೋಜನವಿಲ್ಲ, ಕೊಯ್ಲಿನ ಹೊತ್ತಿನಲ್ಲಿಯೇ ತಡೆಯಬೇಕು.

ದ್ರಾಕ್ಷಿಯಲ್ಲಿ ಮತ್ತೊಂದು ವಿಶೇಷವಿದೆ. ಕಿಣ್ವಕ್ಕೆ ಕೆಲಸ ಮಾಡಲು ನೀರು ಬೇಕು. ಸಿಪ್ಪೆ ಬೇಗ ಒಣಗಿದಷ್ಟೂ ಕಿಣ್ವ ಬೇಗ ನಿಷ್ಕ್ರಿಯವಾಗುತ್ತದೆ. ಒಣಗುವುದು ತಡವಾದಷ್ಟೂ ಅದಕ್ಕೆ ಕಾಲಾವಕಾಶ ದೊರೆಯುತ್ತದೆ. ಹೀಗಾಗಿ ಕಂದಾಗುವುದನ್ನು ತಡೆಯುವ ಪ್ರಶ್ನೆ ಮೂಲತಃ ವೇಗದ ಪ್ರಶ್ನೆ. ಕಿಣ್ವ ಮತ್ತು ಒಣಹವೆಯ ನಡುವೆ ಓಟದ ಸ್ಪರ್ಧೆ ನಡೆದಿರುತ್ತದೆ. ಹವೆ ಗೆಲ್ಲುವಂತೆ ಮಾಡುವುದೇ ಶೆಡ್ಡಿನ ಸಮಸ್ತ ಕಸುಬು. ಆಸ್ಟ್ರೇಲಿಯಾದಲ್ಲಿ ಸುಲ್ತಾನಾ ದ್ರಾಕ್ಷಿಯ ‘ಬ್ರೂಸಸ್ ಸ್ಪೋರ್ಟ್’ ಎಂಬ ಮಾರ್ಪಾಟು ಬಳ್ಳಿಯಲ್ಲಿ ಈ ಕಿಣ್ವ ಸರಿಯಾಗಿ ರೂಪುಗೊಳ್ಳುವುದಿಲ್ಲವೆಂಬುದನ್ನು 1990ರ ದಶಕದ ಆರಂಭದಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಕಂದು ಬಣ್ಣದ ಹಿಂದಿರುವ ಮುಖ್ಯ ಕಾರಣ ಈ ಕಿಣ್ವವೇ ಎಂಬುದಕ್ಕೆ ಅದು ಬಲವಾದ ಪುರಾವೆ.

ತೋಟದಲ್ಲಿಯೇ ಆರಂಭ

ಈ ಪ್ರದೇಶದಲ್ಲಿ ವರ್ಷಕ್ಕೆರಡು ಬಾರಿ ಚಾಟ್ನಿ ನಡೆಯುತ್ತದೆ. ಬೇಸಿಗೆಯ ಚಾಟ್ನಿ ಕಡ್ಡಿ ಬೆಳೆಸುವುದಕ್ಕೆ, ಮಳೆಗಾಲದ ಕೊನೆಯ ಚಾಟ್ನಿ ಫಸಲಿಗೆ. ಒಣದ್ರಾಕ್ಷಿಗಾಗಿ ಕೊಯ್ಲು ಮುಖ್ಯವಾಗಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಬಳ್ಳಿಯ ಎಲೆಗಳು ವಿರಳವಾಗಿ, ಗೊನೆಗಳು ನೇರ ಬಿಸಿಲಿಗೆ ಸಿಕ್ಕಿದ್ದರೆ ಕಾಳು ಬಳ್ಳಿಯಲ್ಲಿಯೇ ಹಳದಿಗೆ ತಿರುಗಿ, ಒಣಗಿದ ಮೇಲೆ ಇನ್ನಷ್ಟು ಕಂದಾಗುತ್ತದೆ. ಹದವಾದ ಎಲೆ ನೆರಳಿನಲ್ಲಿ ಬೆಳೆದ ಗೊನೆ ಹಸಿರು ಬಣ್ಣವನ್ನು ಉಳಿಸಿಕೊಳ್ಳುತ್ತದೆ.

ಹಣ್ಣಿನ ಪಕ್ವತೆ ಎರಡನೆಯ ಅಂಶ. ಸಕ್ಕರೆಯ ಅಂಶವನ್ನು ರಿಫ್ರಾಕ್ಟೋಮೀಟರ್ ಎಂಬ ಕೈಯಲ್ಲಿ ಹಿಡಿಯುವ ಉಪಕರಣದಿಂದ ಬ್ರಿಕ್ಸ್ ಮಾನದಲ್ಲಿ ಅಳೆಯುತ್ತಾರೆ. ಒಣದ್ರಾಕ್ಷಿಗೆ 20ರಿಂದ 22 ಬ್ರಿಕ್ಸ್ ಬರುವವರೆಗೆ ಕಾಯುವುದು ಲೇಸು. ಇದರ ಲೆಕ್ಕ ಸರಳವಾಗಿದೆ. ಶೇ. 15ರಷ್ಟು ತೇವಾಂಶದವರೆಗೆ ಒಣಗಿಸಿದಾಗ 22 ಬ್ರಿಕ್ಸ್‌ನ ಒಂದು ಟನ್ ಹಣ್ಣಿನಿಂದ ಅಂದಾಜು 259 ಕಿಲೋ ಒಣದ್ರಾಕ್ಷಿ ದೊರೆಯುತ್ತದೆ. 18 ಬ್ರಿಕ್ಸ್‌ಗೇ ಅವಸರದಿಂದ ಕೊಯ್ದರೆ ದೊರೆಯುವುದು 212 ಕಿಲೋ. ಟನ್ನಿಗೆ 47 ಕಿಲೋ ತೂಕವೇ ಕಡಿಮೆಯಾಗುವುದಲ್ಲದೆ, ಹೆಚ್ಚು ನೀರಿರುವ ಕಾಳು ಒಣಗಲು ಹೆಚ್ಚು ದಿನ ತೆಗೆದುಕೊಂಡು ಕಿಣ್ವಕ್ಕೆ ಅನುಕೂಲ ಮಾಡಿಕೊಡುತ್ತದೆ. ಸಾಲದ ಕಂತು, ಕೂಲಿಯಾಳುಗಳ ಅಭಾವ, ಮೋಡದ ಭಯ ಇವು ಬೆಳೆಗಾರನನ್ನು ಅವಸರಕ್ಕೆ ದೂಡುತ್ತವೆ. ಮುಂಗಡ ಕೊಟ್ಟ ವರ್ತಕನು ಒಂದು ವಾರ ತಾಳಿಕೊಂಡರೆ ಇಬ್ಬರಿಗೂ ಲಾಭ ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ಕೊಯ್ಲಿನಿಂದ ತೊಟ್ಟಿಯವರೆಗೆ

ಕೊಯ್ದ ಗೊನೆ ಅದೇ ದಿನ ದ್ರಾವಣದ ತೊಟ್ಟಿಯನ್ನು ಸೇರಬೇಕು. ಬೆಳಗಿನ ತಂಪಿನಲ್ಲಿ ಕೊಯ್ಲು ಮುಗಿಸುವುದು, ಕ್ರೇಟುಗಳನ್ನು ಬಾಯಿಯವರೆಗೆ ತುಂಬದಿರುವುದು, ಟ್ರಾಕ್ಟರಿನಲ್ಲಿ ರಾಶಿ ಹಾಕದಿರುವುದು, ಕ್ರೇಟುಗಳನ್ನು ನೆರಳಿನಲ್ಲಿಡುವುದು ಇವು ಖರ್ಚಿಲ್ಲದ ಎಚ್ಚರಿಕೆಗಳು. ಕೆಳಗಿನ ಪದರದಲ್ಲಿ ಜಜ್ಜಿದ ಪ್ರತಿಯೊಂದು ಕಾಳಿನಲ್ಲಿಯೂ ಕಿಣ್ವದ ಕೆಲಸ ಆ ಕ್ಷಣದಿಂದಲೇ ಆರಂಭವಾಗಿರುತ್ತದೆ. ಅದರಿಂದ ಸೋರಿದ ರಸ ಪಕ್ಕದ ಒಳ್ಳೆಯ ಕಾಳಿಗೂ ಅಂಟುತ್ತದೆ. ಕೊಳೆತ, ಒಡೆದ, ರೋಗ ತಗುಲಿದ ಕಾಳುಗಳನ್ನು ಅದ್ದುವ ಮೊದಲೇ ಕತ್ತರಿಸಿ ತೆಗೆಯಬೇಕು. ಒಣಗಿದ ಮೇಲೆ ಆರಿಸುವ ಕೂಲಿಗಿಂತ ಇದು ಅಗ್ಗ.

ಅದ್ದುವ ದ್ರಾವಣ

ದ್ರಾಕ್ಷಿಯ ಮೇಲೆ ಬೂದಿಯಂತೆ ಕಾಣುವ ತೆಳುವಾದ ಮೇಣದ ಪದರವಿದೆ. ಒಳಗಿನ ನೀರು ಹೊರಹೋಗದಂತೆ ಪ್ರಕೃತಿ ಇಟ್ಟಿರುವ ಕಾವಲು ಅದು. ಅದನ್ನು ಭೇದಿಸದೆ ಒಣಗಿಸಿದರೆ ಮೂರು ನಾಲ್ಕು ವಾರಗಳೇ ಬೇಕಾಗಬಹುದು. ಬೂದಿಯ ಕ್ಷಾರ ಮತ್ತು ಎಣ್ಣೆ ಸೇರಿದ ದ್ರಾವಣದಲ್ಲಿ ಅದ್ದಿ ಒಣಗಿಸುವ ಕ್ರಮ ಬಹಳ ಹಳೆಯದು. ಕ್ರಿಸ್ತಶಕ ಮೊದಲನೆಯ ಶತಮಾನದ ರೋಮನ್ ಕೃಷಿ ಲೇಖಕ ಕೊಲುಮೆಲ್ಲಾ ಅದನ್ನು ವಿವರಿಸಿದ್ದಾನೆ. ಇಂದಿನ ಶೆಡ್ಡುಗಳಲ್ಲಿ ಬೂದಿಯ ಬದಲು ಪೊಟ್ಯಾಸಿಯಂ ಕಾರ್ಬೊನೇಟ್, ಎಣ್ಣೆಯ ಬದಲು ಈಥೈಲ್ ಓಲಿಯೇಟ್ ಬಳಕೆಯಲ್ಲಿವೆ. ಎರಡನೆಯದನ್ನೇ ಅಂಗಡಿಗಳಲ್ಲಿ ಡಿಪ್ಪಿಂಗ್ ಆಯಿಲ್ ಎನ್ನುತ್ತಾರೆ. ಈ ದ್ರಾವಣ ಮೇಣವನ್ನು ಕಿತ್ತುಹಾಕುವುದಿಲ್ಲ, ಅದರ ಪದರಗಳ ರಚನೆಯನ್ನು ಸಡಿಲಿಸಿ ನೀರಿಗೆ ದಾರಿ ಮಾಡಿಕೊಡುತ್ತದೆ. ಆಗ ಸಿಪ್ಪೆ ಹರಿಯದೆಯೇ ಒಣಗುವ ಅವಧಿ ಸುಮಾರು ಎರಡು ವಾರಗಳಿಗೆ ಇಳಿಯುತ್ತದೆ.

ರೂಢಿಯಲ್ಲಿರುವ ಪ್ರಮಾಣ 100 ಲೀಟರ್ ನೀರಿಗೆ ಸುಮಾರು 2.5 ಕಿಲೋ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು 1.5 ಲೀಟರ್ ಡಿಪ್ಪಿಂಗ್ ಆಯಿಲ್. ಮೊದಲು ಕಾರ್ಬೊನೇಟನ್ನು ನೀರಿನಲ್ಲಿ ಪೂರ್ಣ ಕರಗಿಸಿ, ನಂತರ ಕಲಕುತ್ತಲೇ ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡಬೇಕು. ದ್ರಾವಣ ಹಾಲಿನಂತೆ ಬೆಳ್ಳಗೆ ಕೂಡಿಕೊಳ್ಳಬೇಕು. ಅದರ ಪಿಎಚ್ ಸುಮಾರು 11 ಇರಬೇಕು. ಗೊನೆಗಳನ್ನು ಎರಡರಿಂದ ನಾಲ್ಕು ನಿಮಿಷ ಮುಳುಗಿಸಿ ತೆಗೆದು, ನೀರು ಬಸಿಯಲು ಬಿಟ್ಟು, ರ‍್ಯಾಕಿನ ಮೇಲೆ ಹರಡುತ್ತಾರೆ.

ಬಣ್ಣ ಕೆಡುವ ತಪ್ಪುಗಳು ಹೆಚ್ಚಾಗಿ ನಡೆಯುವುದು ಈ ಹಂತದಲ್ಲಿ. ಮೊದಲನೆಯದು, ಒಂದೇ ದ್ರಾವಣದಲ್ಲಿ ದಿನವಿಡೀ ಅದ್ದುವುದು. ಒಡೆದ ಕಾಳುಗಳ ಹುಳಿ ರಸ ಸೇರಿ ಪಿಎಚ್ ಕುಸಿಯುತ್ತದೆ, ಎಣ್ಣೆ ಮೇಲೆ ತೇಲತೊಡಗುತ್ತದೆ. ಅಂಥ ತೊಟ್ಟಿಯಲ್ಲಿ ಅದ್ದಿದ ಗೊನೆಯ ಕೆಲವು ಕಾಳುಗಳಿಗೆ ಎಣ್ಣೆ ಹೆಚ್ಚು, ಕೆಲವಕ್ಕೆ ಏನೂ ಇಲ್ಲ. ಒಂದೇ ಗೊನೆಯಲ್ಲಿ ಹಸಿರು ಮತ್ತು ಕಂದು ಕಾಳುಗಳು ಬೆರೆತು ಬರಲು ಇದೂ ಒಂದು ಕಾರಣ. ಪಿಎಚ್ ಕಾಗದದ ಒಂದು ಪಟ್ಟಿಯಿಂದ ಇದನ್ನು ಕ್ಷಣದಲ್ಲಿ ತಿಳಿಯಬಹುದು. ಎರಡನೆಯದು ಗಡಸು ನೀರು. ಕೊಳವೆಬಾವಿಯ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚಾಗಿದ್ದರೆ ಕಾರ್ಬೊನೇಟಿನ ಒಂದು ಪಾಲು ಅದರೊಡನೆ ಕೂಡಿ ತಳಕ್ಕಿಳಿಯುತ್ತದೆ, ದ್ರಾವಣ ಒಡೆಯುತ್ತದೆ. ಮೂರನೆಯದು ಅಗ್ಗದ ಬದಲಿ. ಬಟ್ಟೆ ಸೋಡಾ ಅಥವಾ ಕಾಸ್ಟಿಕ್ ಸೋಡಾ ಪೊಟ್ಯಾಸಿಯಂ ಕಾರ್ಬೊನೇಟಿಗೆ ಸಮನಲ್ಲ. ಕಾಸ್ಟಿಕ್ ಸಿಪ್ಪೆಯನ್ನೇ ಬಿರಿಯಿಸುತ್ತದೆ. ಡಿಪ್ಪಿಂಗ್ ಆಯಿಲ್ ಆಹಾರ ದರ್ಜೆಯದಾಗಿರಬೇಕು. ಲೇಬಲ್ ಇಲ್ಲದ ಡಬ್ಬಿಯಲ್ಲಿ ಉಳಿಸಿದ ಹಣ ಹರಾಜಿನಲ್ಲಿ ಹಲವು ಪಟ್ಟು ಕೈಬಿಡುತ್ತದೆ.

ಶೆಡ್ಡಿನ ಹವೆ

ಒಣಗಿಸುವ ಶೆಡ್ ಎಂದರೆ ಕಬ್ಬಿಣದ ಕಂಬಗಳ ಮೇಲೆ ಬಲೆಯ ಅಂತಸ್ತುಗಳು, ಮೇಲೆ ಪ್ಲಾಸ್ಟಿಕ್ ಹೊದಿಕೆ, ಪಕ್ಕಕ್ಕೆ ನೆರಳು ಪರದೆ. ಮಾರ್ಚ್ ತಿಂಗಳ ಬಿಸಿ ಒಣಗಾಳಿ ಈ ಭಾಗಕ್ಕೆ ದೊರೆತ ಉಚಿತ ಇಂಧನ. ಅದನ್ನು ಬಳಸಿಕೊಳ್ಳಲು ಶೆಡ್ಡಿನ ಉದ್ದಗಲ ಗಾಳಿಯ ದಿಕ್ಕಿಗೆ ಹೊಂದಿಕೊಂಡಿರಬೇಕು, ಅಂತಸ್ತುಗಳ ನಡುವೆ ಗಾಳಿಯಾಡುವಷ್ಟು ಅಂತರವಿರಬೇಕು, ಗೊನೆಗಳು ಒಂದರ ಮೇಲೊಂದು ಬೀಳದಂತೆ ಒಂದೇ ಪದರವಾಗಿ ಹರಡಿರಬೇಕು. ಜಾಗ ಉಳಿಸಲು ಒತ್ತಾಗಿ ಹರಡಿದ ರ‍್ಯಾಕಿನ ನಡುವಣ ಗೊನೆಗಳೇ ಮೊದಲು ಕಂದಾಗುವುದನ್ನು ಯಾವ ಶೆಡ್ಡಿನಲ್ಲಿಯೂ ಕಾಣಬಹುದು. ನೇರ ಬಿಸಿಲು ಬೀಳುವ ಅಂಚಿನ ಗೊನೆಗಳದ್ದೂ ಅದೇ ಗತಿ. ಅಲ್ಲಿ ಕಾರಣ ತಡವಲ್ಲ, ಅತಿಯಾದ ಶಾಖ. ಮೂರು ನಾಲ್ಕು ದಿನಗಳ ನಂತರ ಅರ್ಧ ಪ್ರಮಾಣದ ದ್ರಾವಣವನ್ನು ಗೊನೆಗಳ ಮೇಲೆ ಸಿಂಪಡಿಸುವ ಕ್ರಮವೂ ಬಳಕೆಯಲ್ಲಿದೆ. ಇದರಿಂದ ಒಣಗುವ ವೇಗ ಕುಂದದೆ ಉಳಿಯುತ್ತದೆ.

ಈ ಹಂತದ ಶತ್ರು ಅಕಾಲಿಕ ಮಳೆ. 2014ರ ಫೆಬ್ರವರಿ ಕೊನೆ ಮತ್ತು ಮಾರ್ಚ್ ತಿಂಗಳಲ್ಲಿ ಮಹಾರಾಷ್ಟ್ರ ಹಾಗೂ ಉತ್ತರ ಕರ್ನಾಟಕದಲ್ಲಿ ಸುರಿದ ಆಲಿಕಲ್ಲು ಮಳೆ ದ್ರಾಕ್ಷಿ ಬೆಳೆಗಾರರು ಮರೆಯಲಾರದಂಥದು. ಮಳೆಯ ನೀರು ದ್ರಾವಣದ ಲೇಪವನ್ನು ತೊಳೆದುಹಾಕುತ್ತದೆ. ನೇರವಾಗಿ ನೆನೆಯದಿದ್ದರೂ ಹವೆಯಲ್ಲಿ ತೇವ ಏರಿ ಒಣಗುವುದು ನಿಂತುಹೋಗುತ್ತದೆ. ಮಳೆ ಬರುವ ಮೊದಲು ಇಳಿಬಿಟ್ಟ ಪ್ಲಾಸ್ಟಿಕ್ ಪರದೆಯನ್ನು ಮಳೆ ನಿಂತೊಡನೆ ಎತ್ತದೆ ಬಿಟ್ಟರೆ ಶೆಡ್ಡಿನೊಳಗೆ ಹಬೆ ಕಟ್ಟಿ ಹಾನಿ ಇಮ್ಮಡಿಯಾಗುತ್ತದೆ. 2020ರ ಮಾರ್ಚ್‌ನಲ್ಲಿ ಬಂದ ಸಂಕಷ್ಟ ಬೇರೆ ಬಗೆಯದು. ದೇಶವ್ಯಾಪಿ ಲಾಕ್‌ಡೌನ್‌ನಿಂದ ಹಸಿ ದ್ರಾಕ್ಷಿಯ ಪೇಟೆ ಮುಚ್ಚಿದಾಗ ಅನೇಕ ಬೆಳೆಗಾರರು ತಿನ್ನುವ ಹಣ್ಣನ್ನೇ ಒಣಗಿಸಲು ಮುಂದಾದರು. ಶೆಡ್ಡಿನ ಸಾಮರ್ಥ್ಯ ಮೊದಲೇ ಇದ್ದವರು ಉಳಿದುಕೊಂಡರು. ಒಣಗಿಸುವ ವ್ಯವಸ್ಥೆ ಕೇವಲ ಸಂಸ್ಕರಣೆಯಲ್ಲ, ಬೆಳೆಗೊಂದು ವಿಮೆಯೂ ಹೌದೆಂಬುದು ಆ ವರ್ಷ ಸ್ಪಷ್ಟವಾಯಿತು.

ಗಂಧಕ: ಔಷಧವೇ, ಮುಸುಕೇ?

ಒಣಗಿದ ದ್ರಾಕ್ಷಿಗೆ ಮುಚ್ಚಿದ ಕೋಣೆಯಲ್ಲಿ ಗಂಧಕದ ಹೊಗೆ ಕೊಡುವುದು ವ್ಯಾಪಕ ರೂಢಿ. ಹೊಗೆಯಲ್ಲಿರುವ ಗಂಧಕದ ಡೈಆಕ್ಸೈಡ್ ಎರಡು ಕೆಲಸ ಮಾಡುತ್ತದೆ. ಅದು ಕಿಣ್ವವನ್ನು ಕುಂಠಿತಗೊಳಿಸುತ್ತದೆ, ಆಗತಾನೇ ಉಂಟಾದ ಕ್ವಿನೋನ್‌ಗಳನ್ನು ಹಿಂದಕ್ಕೆ ತಿರುಗಿಸುತ್ತದೆ. ಆದರೆ ಕ್ವಿನೋನ್‌ಗಳು ಹೆಣೆದುಕೊಂಡು ಕಂದು ವರ್ಣದ್ರವ್ಯವಾಗಿ ಗಟ್ಟಿಗೊಂಡ ಮೇಲೆ ಅದಕ್ಕೆ ಹೆಚ್ಚಿನ ಬಲವಿಲ್ಲ. ಬಣ್ಣವನ್ನು ಸ್ವಲ್ಪಮಟ್ಟಿಗೆ ತಿಳಿಯಾಗಿಸಬಹುದೇ ಹೊರತು ಕಳೆದುಹೋದ ಹಸಿರನ್ನು ಮರಳಿ ತರಲಾಗದು. ಕ್ಯಾಲಿಫೋರ್ನಿಯಾದ ಹೊಂಬಣ್ಣದ ಸರಕಿಗೆ ಒಣಗಿಸುವ ಮೊದಲೇ ಗಂಧಕ ಕೊಡುವುದರ ಮರ್ಮ ಇದೇ.

ಬಣ್ಣ ಬಾರದಿದ್ದಾಗ ಗಂಧಕದ ಪ್ರಮಾಣವನ್ನು ಹೆಚ್ಚಿಸುವುದು ಅಪಾಯದ ದಾರಿ. ಆಹಾರ ಸುರಕ್ಷತಾ ಕಾನೂನು ಒಣಹಣ್ಣಿನಲ್ಲಿ ಉಳಿಯಬಹುದಾದ ಗಂಧಕದ ಡೈಆಕ್ಸೈಡಿಗೆ ಮಿತಿ ಹಾಕಿದೆ. 2020ರ ಲೇಬಲಿಂಗ್ ನಿಯಮಗಳ ಪ್ರಕಾರ ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚು ಸಲ್ಫೈಟ್ ಇದ್ದರೆ ಅದನ್ನು ಪೊಟ್ಟಣದ ಮೇಲೆ ಅಲರ್ಜಿಕಾರಕವೆಂದು ತಿಳಿಸಬೇಕು. ಉಬ್ಬಸ ಇರುವವರಿಗೆ ಇದರಿಂದ ತೊಂದರೆಯಾಗಬಹುದೆಂಬುದೇ ಈ ನಿಯಮದ ಹಿನ್ನೆಲೆ. ಚಿಲ್ಲರೆ ಪೊಟ್ಟಣ ಮಾಡುವ ಸಣ್ಣ ಉದ್ಯಮಿಯ ಹೆಸರು ಲೇಬಲಿನ ಮೇಲಿರುತ್ತದೆ. ಶೆಡ್ಡಿನಲ್ಲಿ ಯಾರೋ ಅಳತೆಯಿಲ್ಲದೆ ಸುಟ್ಟ ಗಂಧಕದ ಹೊಣೆ ಕೊನೆಗೆ ಆತನ ಮೇಲೆ ಬೀಳುತ್ತದೆ. ಗಂಧಕದ ಕೋಣೆಯಲ್ಲಿ ದುಡಿಯುವ ಕೂಲಿಯಾಳುಗಳ ಕಣ್ಣು ಮತ್ತು ಶ್ವಾಸಕೋಶದ ರಕ್ಷಣೆಯೂ ಮಾಲೀಕನ ಕರ್ತವ್ಯವೇ.

ದಾಸ್ತಾನಿನಲ್ಲಿ ಕೆಡುವ ಬಣ್ಣ

ಶೆಡ್ಡಿನಿಂದ ಚೆನ್ನಾಗಿ ಬಂದ ಸರಕೂ ಗೋದಾಮಿನಲ್ಲಿ ಕಂದಾಗಬಹುದು. ಇಲ್ಲಿ ಕಿಣ್ವದ ಪಾತ್ರ ಕಡಿಮೆ. ಸಕ್ಕರೆ ಮತ್ತು ಅಮೈನೋ ಆಮ್ಲಗಳು ಶಾಖದಲ್ಲಿ ನಿಧಾನವಾಗಿ ಕೂಡಿ ಕಂದು ಬಣ್ಣ ತಾಳುತ್ತವೆ. ಏಪ್ರಿಲ್, ಮೇ ತಿಂಗಳ ತಗಡಿನ ಛಾವಣಿಯ ಕೆಳಗೆ ಇಟ್ಟ ಪೆಟ್ಟಿಗೆಗಳಲ್ಲಿ ಈ ಕ್ರಿಯೆ ವೇಗ ಪಡೆಯುತ್ತದೆ. ತೇವಾಂಶ ಹೆಚ್ಚಾಗಿದ್ದರೆ ಬೂಷ್ಟು ಮತ್ತು ಅಂಟೂ ಸೇರುತ್ತವೆ. ತೂಕ ಹೆಚ್ಚಲೆಂದು ಅರೆಬರೆ ಒಣಗಿಸಿ ಪೆಟ್ಟಿಗೆ ತುಂಬುವುದು ಬಣ್ಣದ ದೃಷ್ಟಿಯಿಂದ ಆತ್ಮಘಾತುಕ. ತೇವಾಂಶ ಶೇ. 13ರಿಂದ 16ರ ಒಳಗಿರಬೇಕು. ಹಲವು ತಿಂಗಳು ಇಡುವುದಾದರೆ ಸುಮಾರು 5 ಡಿಗ್ರಿ ಸೆಲ್ಸಿಯಸ್‌ನ ಶೀತಲ ಗೃಹವೇ ಯೋಗ್ಯ. ರೂಢಿಯ 15 ಕಿಲೋ ಪೆಟ್ಟಿಗೆಯೊಳಗೆ ತೇವ ತಡೆಯುವ ಪ್ಲಾಸ್ಟಿಕ್ ಚೀಲ ಇರಲೇಬೇಕು.

ವರ್ತಕರ ಮತ್ತು ಉದ್ಯಮಿಗಳ ಪಾಲು

ಮೇಲಿನ ಕ್ರಮಗಳಲ್ಲಿ ಹೆಚ್ಚಿನವು ಬೆಳೆಗಾರನ ಅಂಗಳದವು. ಆದರೂ ಅವು ಜಾರಿಗೆ ಬರುವುದು ವರ್ತಕ ಮತ್ತು ತಯಾರಕರ ಸಹಕಾರದಿಂದ. ರ‍್ಯಾಕ್, ಬಲೆ, ಮಡಚುವ ಪರದೆ, ಅದ್ದುವ ತೊಟ್ಟಿ, ಕಡ್ಡಿ ಬಿಡಿಸುವ ಮತ್ತು ಗಾತ್ರ ವಿಂಗಡಿಸುವ ಯಂತ್ರ ಇವೆಲ್ಲವೂ ಸಕ್ಕರೆ ಕಾರ್ಖಾನೆಗಳ ನೆರಳಿನಲ್ಲಿ ಬೆಳೆದ ಈ ಭಾಗದ ಕಬ್ಬಿಣದ ಕೆಲಸದ ಸಣ್ಣ ಘಟಕಗಳು ತಯಾರಿಸಬಲ್ಲ ಸಾಮಗ್ರಿಗಳು. ಡಿಪ್ಪಿಂಗ್ ಆಯಿಲ್ ಮಾರುವ ಅಂಗಡಿಯವರು ಡಬ್ಬಿಯೊಂದಿಗೆ ಕನ್ನಡದಲ್ಲಿ ಮುದ್ರಿಸಿದ ಅಳತೆಯ ಚೀಟಿ ಮತ್ತು ಒಂದು ಕಟ್ಟು ಪಿಎಚ್ ಕಾಗದ ಕೊಟ್ಟರೆ ಖರ್ಚು ಅಲ್ಪ, ಫಲ ದೊಡ್ಡದು.

ಅಡತಿ ವ್ಯಾಪಾರದಲ್ಲಿಯೂ ಒಂದು ಬದಲಾವಣೆ ಅಗತ್ಯ. ಬಣ್ಣವನ್ನು ಕಣ್ಣಿನಿಂದ ಮಾತ್ರ ಅಳೆದು ದರ ಕಟ್ಟುವವರೆಗೆ ಗಂಧಕದ ಆಸೆ ಕಡಿಮೆಯಾಗದು. ತೇವಾಂಶದ ಮಾಪನ, ಸಾಧ್ಯವಾದಾಗ ಗಂಧಕದ ಉಳಿಕೆಯ ಪ್ರಯೋಗಾಲಯ ವರದಿ, ಯಾವ ಶೆಡ್ಡಿನ ಯಾವ ದಿನದ ಸರಕೆಂಬ ದಾಖಲೆ ಇವು ಜೊತೆಗಿದ್ದರೆ ಪ್ರಾಮಾಣಿಕವಾಗಿ ಹಸಿರು ಉಳಿಸಿದವನಿಗೆ ನ್ಯಾಯದ ಬೆಲೆ ಸಿಗುತ್ತದೆ. ಕಂದು ಸರಕನ್ನೂ ವ್ಯರ್ಥವೆಂದು ಬಗೆಯಬೇಕಿಲ್ಲ. ಸಲ್ಫೈಟ್ ಇಲ್ಲದ ಕಂದು ಒಣದ್ರಾಕ್ಷಿಯನ್ನು ಬೇಕರಿ ಮತ್ತು ಧಾನ್ಯ ಮಿಶ್ರಣದ ಉದ್ಯಮಗಳು ಬಳಸುತ್ತವೆ. ಅದನ್ನು ಮೇಲಿನ ದರ್ಜೆಯಲ್ಲಿ ಬೆರೆಸಿ ಮರೆಮಾಡುವ ಬದಲು ಬೇರೆಯಾಗಿ, ಅದರದೇ ಹೆಸರಿನಿಂದ ಮಾರುವುದು ಲೇಸು.

ತಾಂತ್ರಿಕ ಸಲಹೆಗೆ ದೂರ ಹೋಗಬೇಕಾಗಿಲ್ಲ. ಪುಣೆಯ ಮಾಂಜರಿಯಲ್ಲಿ 1997ರಲ್ಲಿ ಆರಂಭವಾದ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ, 2008ರಲ್ಲಿ ಸ್ಥಾಪನೆಯಾದ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ, ಅದರ ಅಧೀನದಲ್ಲಿರುವ ಅರಭಾವಿಯ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಕಾಲೇಜು ಈ ವಿಷಯದ ಮಾರ್ಗದರ್ಶನಕ್ಕೆ ಸಮೀಪದ ನೆಲೆಗಳು. ಕೊಯ್ಲು ಆರಂಭವಾಗುವ ಮೊದಲೇ, ಜನವರಿಯಲ್ಲಿ, ತೆಲಸಂಗ ಅಥವಾ ಕಾಗವಾಡದ ಯಾವುದಾದರೊಂದು ಶೆಡ್ಡಿನಲ್ಲಿ ಬೆಳೆಗಾರರು, ಅಡತಿಗಳು ಮತ್ತು ಸಾಮಗ್ರಿ ಮಾರಾಟಗಾರರು ಒಟ್ಟಿಗೆ ಕೂಡಿ ತಜ್ಞರಿಂದ ಪ್ರಾತ್ಯಕ್ಷಿಕೆ ಪಡೆಯುವಂತಾದರೆ ಒಂದೇ ಹಂಗಾಮಿನಲ್ಲಿ ಅದರ ಫಲ ಕಾಣಬಹುದು.

ಒಂದು ಕಿಲೋ ಒಣದ್ರಾಕ್ಷಿಯ ಹಿಂದೆ ನಾಲ್ಕು ಕಿಲೋ ಹಣ್ಣು, ವರ್ಷದ ಎರಡು ಚಾಟ್ನಿ, ಒಂದು ಕುಟುಂಬದ ದುಡಿಮೆ ಇದೆ. ಅದರ ಬೆಲೆಯನ್ನು ತೊಟ್ಟಿಯ ಬಳಿ ಕಳೆಯುವ ನಾಲ್ಕು ನಿಮಿಷಗಳೂ ರ‍್ಯಾಕಿನ ಮೇಲಿನ ಮೊದಲ ನಾಲ್ಕು ದಿನಗಳೂ ನಿರ್ಧರಿಸುತ್ತವೆ. ಗಂಧಕದ ಕೋಣೆಯ ಬಾಗಿಲು ಮುಚ್ಚುವ ಹೊತ್ತಿಗೆ ತಡವಾಗಿರುತ್ತದೆ. ಬಂಡವಾಳವನ್ನೂ ಗಮನವನ್ನೂ ಕೊನೆಯಿಂದ ಮೊದಲಿಗೆ ಸರಿಸುವುದೇ ಈ ಭಾಗದ ಒಣದ್ರಾಕ್ಷಿ ಉದ್ಯಮ ಮಾಡಿಕೊಳ್ಳಬೇಕಾದ ತಿದ್ದುಪಡಿ.